ತಿಥಿ ತಪ್ಪಿದ ಕಾರ್ಡುಗಳು

ಕಿರಂಗೂರಿನ ಚಲುವರಾಜು ಇಪ್ಪತ್ತಮೂರು ವರ್ಷ ಮಾಡಿದ ಕೆಲಸವನ್ನು ಒಂದೆರಡು ಸಾಲಿನಲ್ಲಿ ಹೇಳಿಬಿಡಬಹುದು. ಯಾರ ಮನೆಯ ಹಿರಿಯರು ಯಾವತ್ತು ತೀರಿಕೊಂಡರು ಎಂಬುದನ್ನು ಕಂಪ್ಯೂಟರಿಗೆ ತುಂಬಿಸುವುದು. ಪ್ರತಿವರ್ಷ ಆ ತಿಥಿ ಬರುವ ಒಂದು ತಿಂಗಳ ಮೊದಲು ಆ ಮನೆಗೊಂದು ಅಂಚೆ ಕಾರ್ಡು ಹಾಕುವುದು. ಕಾರ್ಡಿನ ಕೆಳಗೆ ಪುರೋಹಿತ ಜಯರಾಮಯ್ಯನವರ ಮೊಹರು, ಮೊಹರಿನ ಪಕ್ಕದಲ್ಲಿ ಚಲುವರಾಜು ಅವರ ಹೆಸರು ಮತ್ತು ಮೊಬೈಲ್ ನಂಬರು.

ಆ ನಂಬರಿಗೆ ಬೇರೆ ಬೇರೆ ಊರುಗಳಿಂದ ಫೋನು ಬರುತ್ತಿತ್ತು. ಕೆ.ಆರ್. ಪೇಟೆ ಕಡೆಯವರು ಬಸ್ಸು ಎಷ್ಟು ಹೊತ್ತಿಗೆ ಹತ್ತಬೇಕು ಎಂದು ಕೇಳುತ್ತಿದ್ದರು. ನಾಗಮಂಗಲದ ಕಡೆಯ ಒಬ್ಬ ಹೆಂಗಸು, ಮೂವರು ಅಣ್ಣತಮ್ಮಂದಿರಲ್ಲಿ ಕಾರ್ಯಕ್ಕೆ ಯಾರು ಕೂರಬೇಕು ಎಂಬ ಜಗಳವನ್ನೂ ಅವರಿಗೇ ಹೇಳಿಕೊಂಡಿದ್ದಳು. ಮುಖ ನೋಡದ ನೂರಾರು ಜನ ಚಲುವರಾಜು ಹೇಳಿದ ದಿನವೇ ತಮ್ಮ ಅಪ್ಪ ಅವ್ವಂದಿರಿಗೆ ಎಳ್ಳುನೀರು ಬಿಟ್ಟಿದ್ದಾರೆ. ಚಲುವರಾಜು ಅವರಿಗೆ ಬೇರೆ ಆಸ್ತಿಯೇನೂ ಇರಲಿಲ್ಲವೆಂದಲ್ಲ, ಕಿರಂಗೂರಿನಲ್ಲಿ ಒಂದೂಕಾಲು ಎಕರೆ ಗದ್ದೆಯಿದೆ, ಎರಡು ಸೀಮೆಹಸುಗಳಿವೆ. ಆದರೆ ಊರಿನಲ್ಲಿ ಅವರಿಗೆ ಬೆಲೆ ಬಂದದ್ದು ಆ ಕಾರ್ಡಿನಿಂದ.

ಕಾರ್ಡಿನ ಕೆಲಸ ಶುರುವಾದದ್ದು 2002ರಲ್ಲಿ. ಜಯರಾಮಯ್ಯನವರ ಮನೆ ಶ್ರೀರಂಗಪಟ್ಟಣದಲ್ಲಿ, ಗಂಜಾಂಗೆ ಹೋಗುವ ದಾರಿಯಲ್ಲಿದೆ. ಕಾವೇರಿಯಲ್ಲಿ ಅಸ್ಥಿ ಬಿಡಲು ಬರುವ ಮನೆಗಳಿಗೆ ಅವರು ಕಾರ್ಯ ಮಾಡಿಸುತ್ತಿದ್ದರು. ಒಮ್ಮೆ ಬಂದವರು ಮರುವರ್ಷ ಬರುತ್ತಿರಲಿಲ್ಲ. ಬರಬಾರದೆಂದಲ್ಲ, ತಿಥಿ ಯಾವತ್ತೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಚಾಂದ್ರಮಾನದ ತಿಥಿ ವರ್ಷವರ್ಷವೂ ಬೇರೆ ತಾರೀಕಿಗೆ ಬೀಳುತ್ತದೆ. ಮಂಡ್ಯ ಸೀಮೆಯ ಒಕ್ಕಲು ಮನೆಗಳಲ್ಲಿ ಮಾರ್ನಮಿ ಹಬ್ಬಕ್ಕೆ ಎಲ್ಲ ಹಿರಿಯರಿಗೂ ಒಟ್ಟಿಗೆ ಎಡೆ ಇಡುವುದು ವಾಡಿಕೆ. ಒಬ್ಬೊಬ್ಬರ ದಿನವನ್ನು ಲೆಕ್ಕ ಇಟ್ಟವರು ಕಡಿಮೆ. ಆ ಲೆಕ್ಕವನ್ನು ನಾವೇ ಇಟ್ಟುಕೊಟ್ಟರೆ ಹೇಗೆ ಎಂದು ಜಯರಾಮಯ್ಯನವರಿಗೆ ಹೊಳೆಯಿತು. ದಿಲೀಪ್ ಎಂಬ ಇಂಜಿನಿಯರಿಂಗ್ ಓದಿದ ಹುಡುಗನಿಂದ ಒಂದು ಪ್ರೋಗ್ರಾಂ ಬರೆಸಿದರು. ಆಗ ಕಂಪ್ಯೂಟರ್ ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿದ್ದ ಇಪ್ಪತ್ತೆಂಟರ ಚಲುವರಾಜುವನ್ನು ಕರೆದು ಕೂರಿಸಿದರು.

ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಬೇಕಿಲ್ಲ. ಸತ್ತವರ ಹೆಸರು, ಸತ್ತ ತಾರೀಕು, ಹೊತ್ತು, ಊರು, ತಾಲ್ಲೂಕು. ಕೊನೆಯ ಖಾನೆಯಲ್ಲಿ ಒಂದೇ ಒಂದು ಅಂಕಿ: ಒಂದು ಅಥವಾ ಎರಡು. ಅದನ್ನು ತುಂಬಿಸಬೇಕಾದರೆ, ಬಂದವರನ್ನು ಒಂದು ಪ್ರಶ್ನೆ ಕೇಳಬೇಕಿತ್ತು.

"ಮನೇಲಿ ಪಂಚಾಂಗ ನೋಡೋರು ಇದ್ದಾರಾ?"

ಇದ್ದಾರೆ ಎಂದರೆ ಒಂದು. ಇಲ್ಲ ಎಂದರೆ ಎರಡು. ಒಂದರವರಿಗೆ ಹೋಗುವ ಕಾರ್ಡಿನಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ ಎಲ್ಲವೂ ಅಚ್ಚಾಗುತ್ತಿತ್ತು. ಎರಡರವರ ಕಾರ್ಡಿನಲ್ಲಿ ತಾರೀಕು ಮತ್ತು ವಾರ ಮಾತ್ರ. "ಅವರಿಗೆ ಬಹುಳ ದ್ವಾದಶಿ ಅಂತ ಬರೆದ್ರೆ ಏನು ಅರ್ಥ ಆಗತ್ತಪ್ಪ? ತಾರೀಕು ಹಾಕು, ಸುಲಭ," ಎಂದು ಜಯರಾಮಯ್ಯ ಹೇಳಿದ್ದರು. ಸುಲಭವೇ ಆಗಿತ್ತು. 2003ರ ನವೆಂಬರಿನಲ್ಲಿ ಚಲುವರಾಜು ಅವರ ತಂದೆ ಬೋರೇಗೌಡರು ತೀರಿಕೊಂಡರು. ಹನ್ನೊಂದರ ಕಾರ್ಯ ಮುಗಿಸಿ ಕೆಲಸಕ್ಕೆ ಬಂದ ದಿನ ಅವರು ತಂದೆಯ ಹೆಸರನ್ನೂ ತುಂಬಿಸಿದರು. ಕೊನೆಯ ಖಾನೆಯಲ್ಲಿ ಎರಡು ಒತ್ತಿದರು. ಅವರ ಮನೆಯಲ್ಲಿ ಪಂಚಾಂಗ ನೋಡುವವರು ಇರಲಿಲ್ಲ.

ಅಲ್ಲಿಂದ ಪ್ರತಿವರ್ಷ ತಮ್ಮ ಮನೆಗೂ ಒಂದು ಕಾರ್ಡು ಹಾಕಿಕೊಳ್ಳುತ್ತಿದ್ದರು. ಕೈಯಲ್ಲೇ ತಂದು ಕೊಡಬಹುದಿತ್ತು. ಅಂಚೆಯಲ್ಲೇ ಬರಬೇಕೆಂದು ಅವರ ತಾಯಿ ಚಿಕ್ಕಬೋರಮ್ಮ ಹಟ ಹಿಡಿಯುತ್ತಿದ್ದರು. "ಎಲ್ರ ಮನೆಗೂ ಪೋಸ್ಟ್‌ನಾಗೆ ಬತ್ತದೆ, ನಮ್ಮೋರೇನು ಬಿಟ್ಟಿ ಬಿದ್ದವ್ರಾ?" ಕಾರ್ಡು ಬಂದ ಮೇಲೆ ಅದನ್ನು ದೇವರ ಗೂಡಿನಲ್ಲಿಟ್ಟು, ಆ ದಿನ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲೇ ಮಗನ ಬೈಕಿನ ಹಿಂದೆ ಕೂತು ನದಿಗೆ ಬರುತ್ತಿದ್ದರು. 2004ರಿಂದ 2024ರವರೆಗೆ ಇಪ್ಪತ್ತೊಂದು ವರ್ಷ ಒಮ್ಮೆಯೂ ತಪ್ಪಿಸಲಿಲ್ಲ.

ಕಳೆದ ಯುಗಾದಿಯ ಮುಂದಿನ ವಾರ ಹಳೆಯ ಕಂಪ್ಯೂಟರು ಕೈಕೊಟ್ಟಿತು. ಅದಕ್ಕೆ ಮೊದಲು ಎರಡು ಸಲ ರಿಪೇರಿಯಾಗಿತ್ತು. ಈ ಸಲ ಮೈಸೂರಿನ ರಿಪೇರಿಯವನು ಒಳಗಿನ ಬೋರ್ಡನ್ನು ಕೈಯಲ್ಲಿ ಹಿಡಿದು, ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ ಎಂದು ವಾಪಸು ಕೊಟ್ಟ. ಡಿಸ್ಕ್ ಮಾತ್ರ ಸರಿಯಿತ್ತು. ಜಯರಾಮಯ್ಯನವರಿಗೆ ಎಪ್ಪತ್ತೊಂಬತ್ತು ದಾಟಿದೆ. ಈಗ ಕಾರ್ಯ ಮಾಡಿಸುವವರು ಅವರ ಮಗ ಸುಶಮೀಂದ್ರ. ಅವರು ಒಂದು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು.

"ಚಲುವರಾಜು, ಇದಕ್ಕೆ ಎಲ್ಲಾ ಹಾಕ್ಬಿಡಿ. ಸಾಫ್ಟ್‌ವೇರ್‌ಗೆ ದುಡ್ಡು ಸುರಿಯೋದು ಬೇಡ, ಪುಕ್ಕಟೆ ಏನಾದ್ರೂ ಸಿಗತ್ತೆ ನೋಡಿ."

ಚಲುವರಾಜು ನೋಡಿದರು. ಐವತ್ತೊಂದನೆಯ ವಯಸ್ಸಿನಲ್ಲಿ ಯೂಟ್ಯೂಬ್ ನೋಡಿ ಕಲಿತರು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ ಎಂದು ಮೊದಲು ಗೊತ್ತಾಯಿತು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಹೊಸ ಪರದೆಯೊಳಗೆ ಹಳೆಯ ಕಂಪ್ಯೂಟರಿನಂಥದೇ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಮೂರು ದಿನ ಒದ್ದಾಡಿ ಆ ಕಿಟಕಿಯಲ್ಲಿ ಪ್ರೋಗ್ರಾಂ ಓಡಿಸಿದರು. ಅದೇ ಕಪ್ಪು, ಅದೇ ಬಿಳಿ. ಆದರೆ ಅದರಿಂದ ಹೊಸ ಪ್ರಿಂಟರಿಗೆ ಅಚ್ಚು ಹೋಗಲಿಲ್ಲ. ಹಾಗಾಗಿ ದತ್ತಾಂಶವನ್ನೆಲ್ಲ ಲಿಬ್ರೆ ಆಫೀಸ್ ಎಂಬ ತಂತ್ರಾಂಶಕ್ಕೆ ತರುವುದೆಂದು ತೀರ್ಮಾನಿಸಿದರು. ಅದೂ ಉಚಿತವೇ. ಹಳೆಯ ಕಡತಗಳನ್ನು ಅದು ತಂಟೆಯಿಲ್ಲದೆ ತೆರೆಯಿತು. 2,140 ಮನೆಗಳು ಒಂದೇ ಹಾಳೆಯಲ್ಲಿ ಸಾಲಾಗಿ ನಿಂತವು.

ಹಳೆಯದರಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿದ್ದವು. ಅಷ್ಟನ್ನೂ ಚಲುವರಾಜು ಕನ್ನಡದಲ್ಲಿ ಮತ್ತೆ ಟೈಪ್ ಮಾಡಿದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಲ್ಯಾಪ್‌ಟಾಪನ್ನು ಮನೆಗೂ ತರುತ್ತಿದ್ದರು. "ಮೊಮ್ಮಗು ಎತ್ಕೊಂಡಂಗೆ ತೊಡೆ ಮ್ಯಾಲಿಕ್ಕೊಂಡು ಕುಂತವ್ರೆ. ಅತ್ತಾಗೆ ಇಳ್ಸಿ, ಹಸ ಒದರ್ತಾ ಅದೆ," ಎಂದು ಹೆಂಡತಿ ಶ್ವೇತ ಅನ್ನುತ್ತಿದ್ದರು. ಕೊನೆಗೆ ಉಚಿತವಾಗಿ ಸಿಗುವ ಒಂದು ಪಂಚಾಂಗದ ತಂತ್ರಾಂಶವನ್ನೂ ಇಳಿಸಿಕೊಂಡು, ಸತ್ತ ತಾರೀಕಿನಿಂದ ತಿಥಿ, ತಿಥಿಯಿಂದ ಈ ವರ್ಷದ ತಾರೀಕು ಬರುವಂತೆ ಜೋಡಿಸಿದರು. ಏಕಾದಶಿಯವರಿಗೆ ಮಾತ್ರ, ಜಯರಾಮಯ್ಯನವರ ಮನೆಯ ವಾಡಿಕೆಯಂತೆ, ದ್ವಾದಶಿಯ ತಾರೀಕು.

ಎಚ್ಚರದ ಮನುಷ್ಯ. ಹೊಸದನ್ನು ಬಳಕೆಗೆ ತರುವ ಮೊದಲು ಹಳೆಯದರ ಜೊತೆ ತಾಳೆ ನೋಡಬೇಕೆನಿಸಿತು. ಎಡಗಡೆ ಡಾಸ್‌ಬಾಕ್ಸ್‌ನ ಕಿಟಕಿ, ಬಲಗಡೆ ಹೊಸ ಹಾಳೆ. ಕಳೆದ ವರ್ಷದ ತಾರೀಕುಗಳನ್ನು ಎರಡರಿಂದಲೂ ತೆಗೆದು ಒಂದೊಂದಾಗಿ ಗೀಟು ಹಾಕುತ್ತ ಬಂದರು. ಮೊದಲ ತಿಂಗಳಿನಲ್ಲೇ ಇಪ್ಪತ್ತೇಳು ಮನೆಗಳ ತಾರೀಕು ಹೊಂದಲಿಲ್ಲ. ಒಂದು ದಿನ, ಎರಡು ದಿನ, ಕೆಲವು ಕಡೆ ಮೂರು ದಿನದ ವ್ಯತ್ಯಾಸ. ಇಡೀ ವರ್ಷಕ್ಕೆ 312.

ತಪ್ಪು ತಮ್ಮದೇ ಎಂದು ಅವರಿಗೆ ಅನುಮಾನವೇ ಇರಲಿಲ್ಲ. ಪುಕ್ಕಟೆ ಸಿಕ್ಕಿದ್ದು, ತಾನು ಜೋಡಿಸಿದ್ದು. ಅತ್ತ ಕಡೆ ಇಂಜಿನಿಯರ್ ಬರೆದದ್ದು, ಅಯ್ಯನವರು ಒಪ್ಪಿದ್ದು. ಸೂತ್ರವನ್ನು ಮೂರು ಸಲ ಅಳಿಸಿ ಬರೆದರು. 312 ಹಾಗೆಯೇ ಉಳಿಯಿತು. ನಾಲ್ಕನೆಯ ದಿನ ಗೋಡೆಯಲ್ಲಿದ್ದ ಕಳೆದ ವರ್ಷದ ಕ್ಯಾಲೆಂಡರ್ ಇಳಿಸಿಕೊಂಡು ಕೂತರು. ಪ್ರತಿದಿನದ ಚೌಕದಲ್ಲೂ ತಿಥಿ ಸಣ್ಣ ಅಕ್ಷರದಲ್ಲಿರುತ್ತದೆ. ಅಷ್ಟು ವರ್ಷ ಆ ಕ್ಯಾಲೆಂಡರ್ ಕೆಳಗೇ ಕೂತು ಕೆಲಸ ಮಾಡಿದ್ದರೂ ಒಂದು ಕಾರ್ಡನ್ನೂ ಅದರ ಜೊತೆ ಹೋಲಿಸಿ ನೋಡಿರಲಿಲ್ಲ. ಈಗ ಹೋಲಿಸಿದರು. ಕ್ಯಾಲೆಂಡರ್ ಹೊಸ ಹಾಳೆಯ ಪರ ಇತ್ತು.

ಆ 312 ಮನೆಗಳನ್ನು ಬೇರೆಯಾಗಿ ತೆಗೆದು ನೋಡಿದಾಗ ಮೂರು ಸಂಗತಿ ಕಂಡವು. ಹಳೆಯ ಪ್ರೋಗ್ರಾಂ ಯಾವ ದಿನಕ್ಕೂ ಒಂಬತ್ತಕ್ಕಿಂತ ಹೆಚ್ಚು ಮನೆ ಕೊಟ್ಟಿರಲಿಲ್ಲ. ಹೆಚ್ಚಾದವರನ್ನು ಮುಂದಿನ ದಿನಕ್ಕೆ ತಳ್ಳಿತ್ತು, ಅಲ್ಲೂ ತುಂಬಿದ್ದರೆ ಅದರ ಮುಂದಕ್ಕೆ. ಎರಡನೆಯದು, ತಳ್ಳಿಸಿಕೊಂಡವರಲ್ಲಿ ಹೆಚ್ಚಿನವರು ಶ್ರೀರಂಗಪಟ್ಟಣ, ಪಾಂಡವಪುರದ ಸುತ್ತಲಿನವರು; ಕೆ.ಆರ್. ಪೇಟೆ, ನಾಗಮಂಗಲದವರು ಕಡಿಮೆ. ಮೂರನೆಯದನ್ನು ನೋಡಿ ಚಲುವರಾಜು ಕುರ್ಚಿಯಿಂದ ಎದ್ದು ಹೊರಗೆ ಬಂದು ನಿಂತರಂತೆ. 312ರಲ್ಲಿ ಕೊನೆಯ ಅಂಕಿ ಒಂದು ಇದ್ದ ಮನೆ ಒಂದೂ ಇರಲಿಲ್ಲ.

ದಿಲೀಪ್ ಈಗ ನಾಗಮಂಗಲದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾರೆ. ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಹದಿನೈದು ವರ್ಷವಾಗಿದೆ. ಜುಲೈ ತಿಂಗಳ ಒಂದು ಸೋಮವಾರ ಚಲುವರಾಜು ಬಸ್ಸಿನಲ್ಲಿ ಹೋಗಿ ಅವರ ಮುಂದೆ ಕಾಗದ ಹರಡಿದರು.

"ಇನ್ನೂ ಓಡ್ತಾ ಐತಾ ಅದು!" ದಿಲೀಪ್ ನಕ್ಕರು. "ಅಣ್ಣಾ, ಅದುಕ್ಕೊಂದು ಸನ್ಮಾನ ಮಾಡ್ಬೇಕು ಕಣಣ್ಣ."

"ಸನ್ಮಾನ ಆಮ್ಯಾಕೆ. ಇದೇನು ತಪ್ಪು ಯೋಳು ಮೊದ್ಲು."

ದಿಲೀಪ್ ಕಾಗದ ನೋಡಿದರು. ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ತಪ್ಪಲ್ಲ ಅಣ್ಣ ಇದು. ಅವರೇ ಬರೆಸಿದ್ದು. ಏಕಾದಶಿ ದಿನ ಅವರಲ್ಲಿ ಶ್ರಾದ್ಧ ಮಾಡ್ಸಕ್ಕಿಲ್ವಲ್ಲ, ಎಲ್ಲಾ ದ್ವಾದಶಿಗೆ ಬಂದು ಬೀಳ್ತಿದ್ರು. ಒಂಬತ್ತರ ಮ್ಯಾಲೆ ಒಬ್ಬರ ಕೈಲಿ ಆಗಕ್ಕಿಲ್ಲ ಅಂದ್ರು. ದೂರದೋರ್ನ ಮುಟ್ಬೇಡ, ಅವ್ರು ರಜಾ ಹಾಕಿ ಬತ್ತಾರೆ, ಹತ್ತಿರದೋರ್ನ ಮುಂದುಕ್ಕೆ ಹಾಕು ಅಂದ್ರು."

"ಒಂದ್ನೇ ನಂಬರ್ನೋರ್ನ?"

"ಅವರ್ನ ಮುಟ್ಟಂಗೇ ಇಲ್ಲ. ಅವ್ರು ಪಂಚಾಂಗ ತೆಗ್ದು ಮುಂದಿಡ್ತಾರೆ ಅಂದ್ರು." ದಿಲೀಪ್ ತಲೆಯೆತ್ತಿದರು. "ನಿಂಗೆ ಗೊತ್ತಿರ್ಲಿಲ್ವಾ? ಆ ಒಂದು ಎರಡು ಒತ್ತುತ್ತಿದ್ದವನು ನೀನೇ ಅಲ್ವಾ!"

ಚಲುವರಾಜು ಕಾಗದ ಮಡಚಿಕೊಂಡರು. ವಾಪಸು ಬರುವ ಬಸ್ಸಿನಲ್ಲಿ ಅವರು ಲೆಕ್ಕ ಹಾಕಿದ್ದು ಒಂದೇ. ಬೋರೇಗೌಡರ ತಿಥಿ ಕಾರ್ತಿಕ ಬಹುಳ ದ್ವಾದಶಿ. ಊರು ಕಿರಂಗೂರು, ನದಿಗೆ ಹತ್ತಿರ. ಅಂಕಿ ಎರಡು. ಮರುದಿನ ಹಳೆಯ ಕಿಟಕಿಯಲ್ಲಿ ಇಪ್ಪತ್ತೊಂದು ವರ್ಷದ ತಾರೀಕುಗಳನ್ನೂ ತೆಗೆದು ನೋಡಿದರು. ಎಂಟು ವರ್ಷ ಸರಿಯಾದ ದಿನ, ಹದಿಮೂರು ವರ್ಷ ತಪ್ಪು ದಿನ.

ಅವರು ಜಯರಾಮಯ್ಯನವರನ್ನು ಕೇಳಿದ್ದು ಜಗಲಿಯ ಮೇಲೆ, ಹಗಲು ಹನ್ನೊಂದರ ಹೊತ್ತಿಗೆ. ಒಳಗಿನಿಂದ ಪದ್ಮ, ಆ ಮನೆಯ ಯಜಮಾನಿ, ಎಂದಿನಂತೆ ಕಾಫಿ ತಂದಿಟ್ಟು ಹೋದರು. ಜಯರಾಮಯ್ಯ ಮರೆಮಾಚಲಿಲ್ಲ. ಅದೇ ಚಲುವರಾಜು ಅವರಿಗೆ ಹೆಚ್ಚು ಕಷ್ಟವಾಯಿತು.

"ಒಂದೇ ದಿನ ಇಪ್ಪತ್ತು ಮನೆಯೋರು ಬಂದು ಕೂತ್ರೆ ಏನ್ ಮಾಡ್ಲಪ್ಪ? ಅರ್ಧ ಜನಾನ ಹಿಂದಕ್ಕೆ ಕಳಿಸ್ಲಾ? ಒಂದು ದಿನ ಆಚೆ ಈಚೆ ಆದ್ರೂ ಶ್ರದ್ಧೆಯಿಂದ ಮಾಡಿಸ್ದೆ. ಪಿತೃಗಳು ತಾರೀಕು ನೋಡ್ತಾರಾ? ಮನಸ್ಸು ನೋಡ್ತಾರೆ."

"ಹಂಗಾದ್ರೆ ಒಂದ್ನೇ ನಂಬರ್ ಮನೆಯೋರ್ನೂ ಆಚೆ ಈಚೆ ಮಾಡ್ಬೋದಿತ್ತಲ್ಲ ಸ್ವಾಮಿ."

ಜಯರಾಮಯ್ಯ ಲೋಟ ಕೆಳಗಿಟ್ಟರು. "ಅವರು ಕೇಳ್ತಾರೆ," ಅಂದರು.

"ನಮ್ಮಪ್ಪಂದೂ ಹದಿಮೂರು ವರ್ಷ ತಪ್ಪಿದೆ."

"ನಿಮ್ಮ ತಂದೇದು ಅಂತ ನನಗೇನು ಗೊತ್ತು? ಮೆಷಿನ್ನು ಹಾಕತ್ತೆ. ನೀನೇ ಅಲ್ವೇನಪ್ಪಾ ತುಂಬಿಸಿದ್ದು?"

ದಿಲೀಪ್ ಹೇಳಿದ್ದೂ ಇದನ್ನೇ. ಒಂದೇ ವಾರದಲ್ಲಿ ಇಬ್ಬರ ಬಾಯಿಂದ ಈ ಮಾತು ಬಂದಿತ್ತು, ಮತ್ತು ಅದು ನಿಜವೇ ಆಗಿತ್ತು. ಸಾವಿರದ ಐನೂರು ಮನೆಗಳ ಮುಂದೆ ಎರಡು ಒತ್ತಿದ್ದು ಅವರ ಬೆರಳೇ. ನಗುತ್ತ ಪ್ರಶ್ನೆ ಕೇಳಿ, ಇಲ್ಲ ಎಂದವರಿಗೆ "ಪರ್ವಾಗಿಲ್ಲ ಬುಡಿ, ನಾವೇ ತಿಳಿಸ್ತೀವಿ" ಎಂದು ಧೈರ್ಯ ಹೇಳಿದ್ದೂ ಅವರೇ.

ಸುಶಮೀಂದ್ರ ಅಷ್ಟು ಮಾತೂ ಆಡಲಿಲ್ಲ. "ಹಳೇದರಲ್ಲಿ ಇದ್ದ ಹಾಗೇ ಹೊಸದರಲ್ಲೂ ಒಂಬತ್ತರ ಮಿತಿ ಹಾಕಿಬಿಡಿ. ಅಷ್ಟೇ ತಾನೆ ಕೆಲಸ?" ಎಂದರು. ಅಷ್ಟೇ ಕೆಲಸ. ಹಾಳೆಯಲ್ಲಿ ಒಂದು ಸಾಲಿನ ಸೂತ್ರ.

ಚಲುವರಾಜು ಆ ಸೂತ್ರ ಬರೆಯಲಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಕಾರ್ತಿಕ ಮಾಸದ ಕಾರ್ಡುಗಳು ಹೊಸ ಹಾಳೆಯಿಂದ ಅಚ್ಚಾದವು. ಈ ಸಲ ಎಲ್ಲ ಕಾರ್ಡಿನಲ್ಲೂ ಮಾಸ, ಪಕ್ಷ, ತಿಥಿ ಇತ್ತು. ಕೆಳಗೆ ಅವರು ಎರಡು ಸಾಲು ಸೇರಿಸಿದ್ದರು: ನಿಮ್ಮ ಹಿರಿಯರ ತಿಥಿ ಇದು, ಇನ್ನು ಮುಂದೆ ಯಾವುದೇ ಕ್ಯಾಲೆಂಡರಿನಲ್ಲಿ ನೀವೇ ನೋಡಿಕೊಳ್ಳಬಹುದು. ಹಿಂದೆ ಕೆಲವು ವರ್ಷ ತಾರೀಕು ತಪ್ಪಾಗಿ ತಿಳಿಸಲಾಗಿದೆ, ಕ್ಷಮಿಸಬೇಕು. ಶ್ರೀರಂಗಪಟ್ಟಣದ ಅಂಚೆ ಡಬ್ಬಿಗೆ ಹಾಕಿದ ಮೇಲೆ ಮನೆಗೆ ಬಂದು, ಜನ ಜಗಳ ಆಡಿದರೆ ಜಯರಾಮಯ್ಯನವರ ಮನೆಗೆ ಹೋಗಿಯೇ ಆಡುತ್ತಾರೆ ಎಂದು ಹೆಂಡತಿಗೆ ಹೇಳಿದರು. ಇಲ್ಲೂ ಅವರ ಲೆಕ್ಕ ತಪ್ಪಿತು. ಕಾರ್ಡಿನ ಮೇಲೆ ಇದ್ದ ನಂಬರು ಅವರದು.

ಪಾಂಡವಪುರದ ಹತ್ತಿರದ ಹಳ್ಳಿಯ ನರಸಯ್ಯ ಎಂಬ ಹಿರಿಯರು ಮೊದಲು ಫೋನು ಮಾಡಿದರು.

"ಏನ್ಲಾ ಚಲುವ, ನಮ್ಮಪ್ಪುನ್ನ ಎರಡು ದಿನ ಮುಂಚೇನೇ ಕರೀತಿದ್ದೀಯಲ್ಲೋ. ಅವ್ನಿಗೇನು ಅರ್ಜೆಂಟು?"

"ಇದೇ ಸರಿಯಾದ ದಿನ ಕಣಜ್ಜ. ಹಿಂದ್ಲುದೇ ತಪ್ಪಾಗಿತ್ತು."

"ಅಂಗಾರೆ ಇಷ್ಟೊರ್ಸ ನೀನು ಕಳ್ಸಿದ್ದು?"

"ತಪ್ಪು."

"ಇವತ್ತು ಕಳ್ಸಿರೋದು ಸರಿ ಅಂತ ಎಂಗ್ಲಾ ನಂಬ್ಲಿ?"

ಚಲುವರಾಜು ಕ್ಯಾಲೆಂಡರ್ ನೋಡುವುದು ಹೇಗೆಂದು ವಿವರಿಸತೊಡಗಿದರು. ಅಜ್ಜ ಅರ್ಧದಲ್ಲೇ ತಡೆದರು. "ಇರ್ಲಿ ಬುಡು. ಅಯ್ನೋರ ಮಗುನ್ನ ಕೇಳ್ತೀನಿ."

ಎಲ್ಲರೂ ಅಯ್ಯನವರ ಮಗನನ್ನೇ ಕೇಳಿದರು. ಸುಶಮೀಂದ್ರ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು, ಎರಡನೆಯ ದಿನದಿಂದ ಅದನ್ನು ವಾಟ್ಸಾಪ್ ಸಂದೇಶ ಮಾಡಿಯೂ ಕಳಿಸಿದರು: ಹಳೆಯ ಕಂಪ್ಯೂಟರ್ ಕೆಟ್ಟಿದ್ದರಿಂದ ನಮ್ಮ ಆಪರೇಟರ್ ಎಲ್ಲಿಂದಲೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ್ದು, ಅದರಿಂದ ಕೆಲವು ತಾರೀಕುಗಳು ತಪ್ಪಾಗಿವೆ. ಹಳೆಯ ನಂಬಿಕಸ್ಥ ಪ್ರೋಗ್ರಾಂನಿಂದ ತೆಗೆದ ಸರಿಯಾದ ತಾರೀಕು ಈ ಕೆಳಗಿದೆ. ಕೆಳಗೆ ಪ್ರತಿ ಮನೆಗೂ ಹಳೆಯ ಲೆಕ್ಕದ ತಾರೀಕು.

ಹಳೆಯ ಪ್ರೋಗ್ರಾಂ ಓಡಿಸುವುದು ಸುಶಮೀಂದ್ರ ಅವರಿಗೆ ಗೊತ್ತಿರಲಿಲ್ಲ. ಡಾಸ್‌ಬಾಕ್ಸ್ ಕಿಟಕಿ ತೆರೆಯುವುದರಿಂದ ಹಿಡಿದು ಪಟ್ಟಿ ತೆಗೆಯುವವರೆಗೆ ಹದಿನಾಲ್ಕು ಹೆಜ್ಜೆಗಳನ್ನು ಚಲುವರಾಜು ಜೂನ್ ತಿಂಗಳಲ್ಲೇ ಒಂದು ಹಾಳೆಯಲ್ಲಿ ಬರೆದು, ತನಗೆ ಜ್ವರ ಬಂದ ದಿನ ಯಾರಿಗೂ ತೊಂದರೆಯಾಗದಿರಲಿ ಎಂದು ಲ್ಯಾಪ್‌ಟಾಪಿನ ಚೀಲದಲ್ಲಿಟ್ಟಿದ್ದರು. ಸುಶಮೀಂದ್ರ ಅದನ್ನು ನೋಡಿಕೊಂಡೇ ಪಟ್ಟಿ ತೆಗೆದದ್ದು.

ಚಲುವರಾಜು ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಸೋಮವಾರ ಹೋದಾಗ ಅವರು ಕೂತು ಕೆಲಸ ಮಾಡುತ್ತಿದ್ದ ಕೋಣೆಗೆ ಬೀಗ ಹಾಕಿತ್ತು. ಒಳಗೆ ಟಿ.ವಿ. ಸದ್ದು ಕೇಳುತ್ತಿತ್ತು. ಎರಡು ಸಲ ಕರೆದರು. ಪದ್ಮ ಕಿಟಕಿಯಿಂದ ನೋಡಿ, "ಅವರು ಮಲಗಿದ್ದಾರಪ್ಪ," ಎಂದು ಪರದೆ ಎಳೆದರು. ಇಪ್ಪತ್ತಮೂರು ವರ್ಷದಲ್ಲಿ ಆ ಮನೆಯಲ್ಲಿ ಅವರಿಗೆ ಕಾಫಿ ಸಿಗದ ಮೊದಲ ದಿನ ಅದು.

ಕಿರಂಗೂರಿನಲ್ಲಿ ಕಾರ್ಡು ಹೋಗುವ ಮನೆಗಳು ಮೂವತ್ತನಾಲ್ಕು. ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತರೆ ಮಾತು ಕೇಳಿಸುತ್ತಿತ್ತು. ನಾಗರಾಜು, ಚಲುವರಾಜು ಜೊತೆಯಲ್ಲೇ ಸ್ಕೂಲಿಗೆ ಹೋದವರು, ಎಲ್ಲರೆದುರು ಕೇಳಿದರು. "ಅಲ್ಲ ಕಣ್ಲಾ, ಅಯ್ನೋರ ಮನೆ ಅನ್ನ ಉಂಡು ಅವರ ಮ್ಯಾಲೇ ಇಂಗೆ ಎತ್ಕಟ್ತೀಯಾ? ಕಂಪ್ಯೂಟ್ರು ಬರ್ದಿದ್ರೆ ಬರಾಕಿಲ್ಲ ಅನ್ಬೇಕು."

"ಕ್ಯಾಲೆಂಡರ್ ತಗದು ನೋಡ್ಲಾ. ನಿಮ್ಮವ್ವುಂದು ಚೌತಿ. ಈ ವರ್ಷ ಯಾವತ್ತು ಬಿದ್ದದೆ ನೋಡು."

"ನಮ್ಮವ್ವುಂದು ಚೌತಿ ಅಂತ ನಿಂಗ್ಯಾರು ಯೋಳುದ್ರು?"

ಅದನ್ನು ಹೇಳಿದ್ದೂ ಕಂಪ್ಯೂಟರೇ. ನಾಗರಾಜು ಕ್ಯಾನು ಎತ್ತಿಕೊಂಡು ಹೋದರು. ಮೂವತ್ತನಾಲ್ಕರಲ್ಲಿ ಇಬ್ಬರು ಮಾತ್ರ ಕ್ಯಾಲೆಂಡರ್ ನೋಡಿದರು. ಅವರಲ್ಲಿ ಒಬ್ಬರು ಬಂದು, "ಇನ್ ಮ್ಯಾಲೆ ಕಾರ್ಡೂ ಬ್ಯಾಡ, ನದೀನೂ ಬ್ಯಾಡ, ಮಾರ್ನಮಿಗೆ ಎಡೆ ಇಕ್ತೀವಿ, ಮೊದ್ಲಂಗೆ," ಎಂದು ಹೇಳಿ ಹೋದರು.

ಉಳಿದದ್ದು ತಾಯಿ. ಎಪ್ಪತ್ತೆಂಟರ ಚಿಕ್ಕಬೋರಮ್ಮನಿಗೆ ಈ ಸಲ ಎರಡು ದಿನ ಬಂದಿದ್ದವು. ಅಂಚೆಯಲ್ಲಿ ಬಂದ ಮಗನ ಕಾರ್ಡಿನಲ್ಲಿ ನವೆಂಬರ್ 16, ಭಾನುವಾರ. ಶ್ವೇತ ಅವರ ಫೋನಿಗೆ ಬಂದ ಸುಶಮೀಂದ್ರರ ಸಂದೇಶದಲ್ಲಿ ನವೆಂಬರ್ 18, ಮಂಗಳವಾರ. ಚಲುವರಾಜು ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಇಪ್ಪತ್ತೊಂದು ವರ್ಷದ ಪಟ್ಟಿಯನ್ನು ಓದಿದರು. ಸರಿ, ತಪ್ಪು, ತಪ್ಪು, ಸರಿ, ತಪ್ಪು. ತಾಯಿ ಎಲೆ ಅಡಿಕೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೇಳಿದರು.

"ನೀನು ಗೊತ್ತಿಲ್ದೆ ಮಾಡ್ದೆ."

"ಊಂ."

"ಅಯ್ನೋರು ಗೊತ್ತಿದ್ದೇ ಮಾಡುದ್ರು."

"ಊಂ ಕಣವ್ವ."

"ಸರಿ. ಭಾನುವಾರ ಮಾಡಾನ."

ಭಾನುವಾರ ಮನೆಯಲ್ಲೇ ಎಡೆ ಇಟ್ಟರು. ಮುದ್ದೆ, ಅವರೆಕಾಳು ಸಾರು, ಬೋರೇಗೌಡರಿಗೆ ಇಷ್ಟವಾದ ಕಜ್ಜಾಯ. ಸೋಮವಾರ ಸಂಜೆ ನೋಡಿದರೆ ಚಿಕ್ಕಬೋರಮ್ಮ ಮತ್ತೆ ಅಕ್ಕಿ ನೆನೆಹಾಕುತ್ತಿದ್ದರು.

"ಇದ್ಯಾಕವ್ವ?"

"ನಾಳೆ ನದೀಗೋಗಾನ."

"ನಿನ್ನೆ ಮಾಡುದ್ವಲ್ಲ! ನಾಳೆ ಅಪ್ಪಂದಲ್ಲ. ಅದು ಸುಳ್ಳು ದಿನ."

"ನಂಗೊತ್ತು ಕಣ್ಲಾ. ನಿಮ್ಮಪ್ಪುಂಗೆ ಗೊತ್ತಾ?" ಚಿಕ್ಕಬೋರಮ್ಮ ಪಾತ್ರೆಯಿಂದ ಕೈ ತೆಗೆಯಲಿಲ್ಲ. "ಅದಿಮೂರು ವರ್ಸ ತಡವಾಗೇ ಕರ್ದಿದ್ದೀವಿ. ಅದೇ ರೂಢಿ ಆಗಿ, ನಾಳಿಕೆ ಬಂದ್ರೆ? ಬಂದು ನೋಡ್ಕೊಂಡು, ಯಾರೂ ಇಲ್ಲ ಅಂತ ವಾಪಸ್ ಓಗ್ಬೇಕಾ?"

ಮಂಗಳವಾರ ಬೆಳಿಗ್ಗೆ ಚಲುವರಾಜು ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನದಿಗೆ ಹೋದರು. ಮೆಟ್ಟಿಲ ಮೇಲೆ ಸಾಲಾಗಿ ಜನ ಕೂತಿದ್ದರು, ಮುಂದೆ ಬಾಳೆಎಲೆ, ಎಳ್ಳು, ದರ್ಭೆ. ಸುಶಮೀಂದ್ರ ಒಬ್ಬೊಬ್ಬರ ಮುಂದೆ ನಿಂತು ಹೆಸರು ಹೇಳಿಸುತ್ತ ಬರುತ್ತಿದ್ದರು. ಚಲುವರಾಜು ಕೂಡ ಕೂತರು. ಅವರ ಮುಂದೆಯೂ ಸುಶಮೀಂದ್ರ ಬಂದು, ಬೇರೆಯವರನ್ನು ಕೇಳಿದಂತೆಯೇ, ತಂದೆಯ ಹೆಸರೇನು ಎಂದು ಕೇಳಿದರು. ಚಲುವರಾಜು ಹೇಳಿದರು.

ಚಿಕ್ಕಬೋರಮ್ಮ ಮಗನ ಹಿಂದೆ ನಿಂತಿದ್ದರು. ಸೆರಗು ಸರಿಮಾಡಿಕೊಂಡು ಕೇಳಿದರು.

"ಬುದ್ಧಿ, ನಮ್ಮೆಜಮಾನ್ರುದು ಇವತ್ತೇ ತಾನೆ?"

ಸುಶಮೀಂದ್ರ ಒಮ್ಮೆ ಚಲುವರಾಜು ಕಡೆ ನೋಡಿದರು.

"ಇವತ್ತೇ ಅಮ್ಮ. ಹಳೇ ಕಂಪ್ಯೂಟರ್‌ನಲ್ಲೇ ಇದೆಯಲ್ಲ, ತಪ್ಪೋ ಹಾಗಿಲ್ಲ."

"ನೋಡ್ಕೊಂಡು ಯೋಳಿ ಬುದ್ಧಿ. ಮುದುಕಿ ಕೇಳ್ತಾ ಇವ್ನಿ."

"ಇವತ್ತೇ ಅಂತ ಹೇಳಿದ್ನಲ್ಲಮ್ಮ."

ಚಿಕ್ಕಬೋರಮ್ಮ ತಲೆಯಾಡಿಸಿದರು. "ಎದ್ದೇಳ್ಲಾ ಚಲುವ," ಎಂದು ಮಗನ ಭುಜ ಮುಟ್ಟಿದರು. ಬಗ್ಗಿ ಎಲೆಯನ್ನು ಅದರ ಮೇಲಿದ್ದುದೆಲ್ಲದರ ಸಮೇತ ತಾವೇ ಎತ್ತಿಕೊಂಡು ನಾಲ್ಕು ಮೆಟ್ಟಿಲು ಕೆಳಗೆ, ನೀರಿನ ಪಕ್ಕಕ್ಕೆ ಹೋದರು. ಚಲುವರಾಜು ಹಿಂದೆಯೇ ಹೋದರು. ಅಲ್ಲಿ ಮಂತ್ರ ಹೇಳುವವರಿರಲಿಲ್ಲ. ತಾಯಿ ಎಲೆಯನ್ನು ಮಗನ ಕೈಗೆ ಕೊಟ್ಟು ನೀರಿನ ಕಡೆ ನೋಡುತ್ತ, ಮನೆಯಲ್ಲಿ ಗಂಡನಿಗೆ ಹೇಳುತ್ತಿದ್ದ ಧ್ವನಿಯಲ್ಲೇ ಹೇಳಿದರು.

"ಇದೊಂದ್ಸಲ ಉಂಡು ಓಗಿ. ಮುಂದ್ಲೊರ್ಸದಿಂದ ಇಲ್ಲಿಗೆ ಬರ್ಬೇಡಿ. ಇವ್ನು ಯೋಳ್ದ ದಿನ, ಮನೇಗೆ ಬನ್ನಿ."

ಮೇಲೆ, ಅವರು ಬಿಟ್ಟೆದ್ದ ಜಾಗಕ್ಕೆ ಪಕ್ಕದವರು ಸರಿದು ಕೂತರು. ಅವರನ್ನೂ ಸುಶಮೀಂದ್ರ ತಂದೆಯ ಹೆಸರೇನು ಎಂದು ಕೇಳಿದರು.